ಫೋಟೋದಾಗ ಇರೋದು ನೀವೇ ಏನು? (ಭಾಗ 3)

ನಿಮ್ಮ ಗ್ಯಾಲರಿ ತೆಗೀರಿ. ಫಿಲ್ಟರ್ ಹಾಕದ ನಿಮ್ಮದೊಂದು ಫೋಟೋ ಹುಡುಕ್ರಿ. ಎಷ್ಟು ಹೊತ್ತು ಹಿಡೀತು?

ನಮ್ಮಪ್ಪ ಇಂಡಿ ತಾಲೂಕಿನವರು, ಅವ್ವ ಸೋಲಾಪುರ ಕಡೆಯವರು. ಮನ್ಯಾಗ ಕನ್ನಡ, ಮರಾಠಿ ಎರಡೂ ನಡೀತದ. ಅಕ್ಕಂದೂ ನಂದೂ ಬಣ್ಣ ಕಪ್ಪು. ಸಿಂದಗಿಗೆ ಹೋಗ್ರಿ, ಮುದ್ದೇಬಿಹಾಳಕ್ಕ ಹೋಗ್ರಿ, ಮೊದಲ ಪ್ರಶ್ನೆ ಒಂದೇ: "ನೀವು ಯಾರ ಪೈಕಿ?" ಹಂಗ ಕೇಳಬ್ಯಾಡ್ರಿ ಅಂತ ಹೇಳಿದ ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲೇ ಅದ. ಅಲ್ಲೂ ಕೇಳ್ತಾರ.

ಹೋದ ವರ್ಷ ಅಕ್ಕನ ಬಯೋಡೇಟಾಕ್ಕ ಒಂದು ಸ್ಟುಡಿಯೋದಾಗ ಫೋಟೋ ತೆಗೆಸಿದ್ವಿ. ನಾವು ಕೇಳಿರಲಿಲ್ಲ, ಅವರೇ ಮುಖ ಬೆಳ್ಳಗ ಮಾಡಿ ಕೊಟ್ರು. ಹುಡುಗಿ ನೋಡಾಕ ಬಂದವರು ಒಮ್ಮೆ ಮೊಬೈಲ್ ನೋಡಿದ್ರು, ಒಮ್ಮೆ ಅಕ್ಕನ್ನ ನೋಡಿದ್ರು. ಅವಲಕ್ಕಿ ತಿಂದು, ಚಹಾ ಕುಡಿದು ಹೋದ್ರು. ಮುಂದ ಫೋನ್ ಬರಲಿಲ್ಲ. ಅಕ್ಕ ಅಳಲಿಲ್ಲ. "ಅವರು ಒಪ್ಪಿ ಬಂದಿದ್ದು ಆ ಫೋಟೋದಾಗಿನ ಹುಡುಗಿನ್ನ. ಆಕಿ ಯಾರೋ ನನಗ ಗೊತ್ತಿಲ್ಲ" ಅಂದ್ಲು, ಅಷ್ಟೇ.

ಈಗ ನಮ್ಮ ಜಿಲ್ಲೆಯ ಹಳೇ ಫೋಟೋಗಳ ಕಡೆ ಬರ್ರಿ. ಕ್ಯಾಮೆರಾ ಇರದ ಕಾಲದವು.

ಗೋಳಗುಮ್ಮಟ ನೋಡಿರ್ತೀರಿ. ಅದು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನ ಕಾಲದ ಒಂದು ಚಿತ್ರ ಅದ, ಸುಮಾರು 1645ರದ್ದು. ಬರೆದವರು ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್. ಆನೆ ಮ್ಯಾಲ ಸುಲ್ತಾನ, ಅವನ ಹಿಂದ ಮಂತ್ರಿ ಇಖ್ಲಾಸ್ ಖಾನ್. ಈ ಇಖ್ಲಾಸ್ ಖಾನ್ ಹಬ್ಶಿ, ಅಂದ್ರ ಆಫ್ರಿಕಾ ಮೂಲದವ. ಚಿತ್ರದಾಗ ಅವನ ಮುಖ ಕಪ್ಪಗೇ ಅದ. ಯಾರೂ ತಿದ್ದಲಿಲ್ಲ.

ಆದಿಲ್ ಶಾಹಿ ಮನೆತನವೂ ಬೆರಕೆಯೇ. ಮೂಲಪುರುಷ ಯೂಸುಫ್ ಹೊರದೇಶದಿಂದ ಬಂದವ. ಮದುವೆ ಆಗಿದ್ದು ಮರಾಠಾ ಹೆಣ್ಣುಮಗಳನ್ನ. ಮುಂದಿನ ಸುಲ್ತಾನ ಇಸ್ಮಾಯಿಲ್ ಇವರ ಮಗ. ಎರಡನೇ ಇಬ್ರಾಹಿಂನ ಚಿತ್ರಗಳಾಗ ಕೊರಳಿಗೆ ರುದ್ರಾಕ್ಷಿ ಕಾಣ್ತದ. ಅವನನ್ನ "ಯಾರ ಪೈಕಿ" ಅಂತ ಕೇಳಿದ್ರ ಏನಂತಿದ್ದ?

"ಅವರು ದೊಡ್ಡವರು, ಅವರದು ನಡೀತಿತ್ತು" ಅಂತೀರಿ. ಖರೆ. ಹಬ್ಶಿಗಳೊಳಗ ಬಹಳ ಮಂದಿ ಗುಲಾಮರಾಗಿ ಬಂದವರು, ಅವರ ಚಿತ್ರ ಬರೆಯೋರು ಯಾರಿದ್ರು? ಆಗ ಚಿತ್ರ ಬರೆಸಾಕ ಅಧಿಕಾರ ಬೇಕಿತ್ತು. ಇವತ್ತು ಆ ಅಧಿಕಾರ ಎಲ್ಲಾರ ಕಿಸೆದಾಗ ಅದ. ಅದನ್ನ ಹಿಡಕೊಂಡು ನಾವು ಮೊದಲು ಅಳಿಸೋದು ನಮ್ಮ ಬಣ್ಣಾನೇ.

ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಜನ ಇದ್ದಾರ. ಅವರ ಹಿರಿಯರೂ ಆಫ್ರಿಕಾದವರು. 2020ರಾಗ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದ್ರು. ಆದ್ರೂ ಸಿದ್ದಿ ಹುಡುಗನ್ನ ಕಂಡ್ರ "ಯಾವ ದೇಶ?" ಅಂತ ಕನ್ನಡ ನಾಡಿನ್ಯಾಗೇ ಕೇಳೋರು ಇದ್ದಾರ. ನಮ್ಮ ಕಣ್ಣಿಗೆ ಇಲ್ಲಿನ ಮುಖ ಅಂದ್ರ ಒಂದೇ ನಮೂನಿ ಆಗ್ಯಾದ. ಫಿಲ್ಟರ್ ಅದನ್ನ ಇನ್ನಷ್ಟು ಗಟ್ಟಿ ಮಾಡ್ತದ.

ಲೈಟ್ ಸರಿ ಮಾಡ್ರಿ, ಬೇಕಾದ್ರ ಮೊಡವೆ ತೆಗೀರಿ, ನನ್ನ ತಕರಾರಿಲ್ಲ. ಆದ್ರ ಸ್ಟುಡಿಯೋದಾಗ ಕೂತಕೂಡಲೇ ಒಂದು ಮಾತು ಹೇಳ್ರಿ: "ಅಣ್ಣಾ, ಬಣ್ಣ ಮುಟ್ಟಬ್ಯಾಡ್ರಿ." ನೀವು ಗಂಡಿನ ಕಡೆಯವರಾದ್ರ ಕೇಳಿ ನೋಡ್ರಿ: "ತಿದ್ದದ ಫೋಟೋ ಕಳಸ್ರಿ, ನಮ್ಮದೂ ತಿದ್ದದ್ದಲ್ಲ." ಮೊದಲ ದಿನವೇ ಸುಳ್ಳು ಯಾಕ?

ಈ ಪೋಸ್ಟಿನ ಫೋಟೋ ಅಕ್ಕಂದು. ಮನೀ ಅಂಗಳದಾಗ, ಸಂಜೀ ಬಿಸಿಲಿಗೆ ನಾನೇ ತೆಗೆದದ್ದು. ಆಕಿನ್ನ ಕೇಳೇ ಹಾಕೀನಿ. ಈ ಸಲ ಬಯೋಡೇಟಾಕ್ಕೂ ಇದೇ ಹೋಗ್ತದ.

ನಿಮ್ಮದು ಯಾವಾಗ ಹಾಕ್ತೀರಿ?

#ಇದ್ದಬಣ್ಣ #ವಿಜಯಪುರ #ಯಾರಪೈಕಿ