ಸಿಪ್ಪೆ ಹೊರೋರ ಬೆನ್ನಿಗೂ ಒಂದು ಡಿಸೈನ್ ಬೇಕು

ಕಳೆದ ದಸರಾ ರಜೆಗೆ ತೀರ್ಥಹಳ್ಳಿ ಹತ್ತಿರ ಇರೋ ಅಜ್ಜಿ ಮನೆಗೆ ಹೋಗಿದ್ದೆ. ಅಡಿಕೆ ಸುಲಿಯೋ ಸಮಯ. ಮೊದಲೆಲ್ಲ ಮೆಟ್ಟುಕತ್ತಿ ಮುಂದೆ ಕೂತು ರಾತ್ರಿಯಿಡೀ ಸುಲೀತಿದ್ರಂತೆ. ಈಗ ಅಂಗಳದಲ್ಲಿ ಮೆಷಿನ್ ಇದೆ. ಅಡಿಕೆ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಬೀಳತ್ತೆ. ನಮ್ಮ ಎಂಜಿನಿಯರಿಂಗ್ ಅಲ್ಲಿಗೆ ಮುಗೀತು.

ಆದರೆ ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆನೇ. ಅದನ್ನ ನೆಲದಿಂದ ಬಾಚಿ, ಬುಟ್ಟಿಗೆ ತುಂಬಿ, ತೋಟದ ಗುಂಡಿಗೆ ಹೊರೋದು ಒಬ್ಬ ಅಕ್ಕ. ನಾನೂ ಒಂದು ಗಂಟೆ ಮಾಡಿದೆ. ಮಾರನೇ ದಿನ ಶೂ ಲೇಸ್ ಕಟ್ಟೋಕೂ ಬಗ್ಗೋಕಾಗ್ಲಿಲ್ಲ!

ಭಾರ ಎತ್ತೋದಕ್ಕೆ ಅಮೆರಿಕದ ನಿಯೋಶ್ ಸಂಸ್ಥೆಯ 1991ರ ಒಂದು ಸೂತ್ರ ಇದೆ. ಎಲ್ಲಾ ಸರಿ ಇದ್ದಾಗ ಮಿತಿ 23 ಕೆಜಿ. ಭಾರ ದೇಹದಿಂದ 25 ಸೆಂ.ಮೀ. ಬದಲು 50 ಸೆಂ.ಮೀ. ದೂರ ಇದ್ದರೆ ಮಿತಿ ಅರ್ಧ, ಅಂದ್ರೆ 11.5 ಕೆಜಿ. ನೆಲದಿಂದ ಎತ್ತಿದ್ರೆ, ಸೊಂಟ ತಿರುಗಿಸಿದ್ರೆ, ಮತ್ತೆ ಮತ್ತೆ ಎತ್ತಿದ್ರೆ ಇನ್ನೂ ಕಡಿಮೆ. ಒದ್ದೆ ಸಿಪ್ಪೆಯ ಅಗಲವಾದ ಬುಟ್ಟಿಯಲ್ಲಿ ಇವೆಲ್ಲಾ ಒಟ್ಟಿಗೇ ಇವೆ.

ನಾನು ಜಂಬದಿಂದ "ಮೆಷಿನ್‌ನ ಎರಡಡಿ ಎತ್ತರಿಸೋಣ, ಸಿಪ್ಪೆ ಸೀದಾ ಬುಟ್ಟಿಗೇ ಬೀಳತ್ತೆ" ಅಂದೆ. ಅಕ್ಕ ನಕ್ಕು, "ಆಮೇಲೆ ಮೇಲಿಂದ ಕಾಯಿ ಸುರಿಯೋರು ಯಾರು ಮಾರಾಯ?" ಅಂದ್ರು. ನಿಜ. ನಾನು ಒಬ್ಬರ ಬೆನ್ನುನೋವನ್ನ ಇನ್ನೊಬ್ಬರ ಭುಜಕ್ಕೆ ದಾಟಿಸ್ತಿದ್ದೆ, ಅಷ್ಟೇ. ಅವರಿಗೆ ಹೊರೋದಕ್ಕಿಂತ ಬಗ್ಗಿ ತುಂಬೋದೇ ಕಷ್ಟವಂತೆ. ಅದನ್ನ ನಾನು ಕೇಳಿರ್ಲೇ ಇಲ್ಲ.

ಹಾಗಾದ್ರೆ ಮೆಷಿನ್ ಇದ್ದಲ್ಲೇ ಇರಲಿ. ಸಿಪ್ಪೆ ಬೀಳೋ ಜಾಗಕ್ಕೆ ತಗ್ಗಾದ ಒಂದು ತಳ್ಳುಗಾಡಿ ಬರಲಿ. ಕೆಸರಲ್ಲಿ ಹೂತುಹೋಗದ ದೊಡ್ಡ, ಅಗಲವಾದ ಚಕ್ರ, ಅವರ ಮೊಣಕೈ ಎತ್ತರ ಅಳೆದು ಮಾಡಿದ ಹಿಡಿ, ಗುಂಡಿ ಹತ್ತಿರ ವಾಲಿಸಿದ್ರೆ ತಾನೇ ಖಾಲಿ ಆಗೋ ತೊಟ್ಟಿ. ಸೆನ್ಸರ್ ಬೇಡ, ಆ್ಯಪ್ ಬೇಡ. ಬಹುಶಃ ಅದಕ್ಕೇ ನಮ್ಮ ಮಿನಿ ಪ್ರಾಜೆಕ್ಟ್ ಪಟ್ಟಿಯಲ್ಲಿ ಇಂಥದ್ದು ಇರಲ್ಲ. ನಮಗೆ ಲೈನ್ ಫಾಲೋವರ್ ರೋಬೋಟೇ ಬೇಕು.

ಸಾಗಿಸೋದು ಕಷ್ಟ ಆದ್ರಿಂದ್ಲೂ ಎಷ್ಟೋ ಸಿಪ್ಪೆ ರಸ್ತೆ ಬದಿ ರಾಶಿ ಬಿದ್ದು, ಒಣಗಿದ ಮೇಲೆ ಹೊಗೆ ಆಗತ್ತೆ. ಗೊಬ್ಬರ ಆಗಬೇಕಾದ್ದು!

ಈ ಸಲ ನಮ್ಮ ತಂಡದ ಪ್ರಾಜೆಕ್ಟ್ ಈ ತಳ್ಳುಗಾಡಿನೇ. ನೀವು ಬೇರೇದೇ ಆರಿಸ್ಕೊಳ್ಳಿ: ಕಾಫಿ ಸಿಪ್ಪೆ, ತೆಂಗಿನ ಮಟ್ಟೆ, ಭತ್ತದ ಹೊಟ್ಟು. ಆದರೆ ಕ್ಯಾಡ್ ಓಪನ್ ಮಾಡೋ ಮೊದಲು ಒಂದು ದಿನ ಆ ಬುಟ್ಟಿ ಹೊತ್ತು ನೋಡಿ.