ಗಂಟು ಹೊರುವವರು ಯಾರು?



ಡಿಸೆಂಬರ್ 6ಕ್ಕೆ ದಾದರಿಗೆ ಹೋಗಿ ಬಂದೆವು. ಚೈತ್ಯಭೂಮಿಯ ಬಗ್ಗೆ, ಅಲ್ಲಿ ಸೇರಿದ್ದ ಜನಸಾಗರದ ಬಗ್ಗೆ ಒಳಪುಟದಲ್ಲಿ ಬರೆದಿದ್ದೇವೆ. ಇಲ್ಲಿ ಹೇಳಬೇಕಾದದ್ದು ದಾರಿಯ ವಿಚಾರ. ಸರಿಯಾಗಿ ಹೇಳಬೇಕೆಂದರೆ ನಮ್ಮ ಗಂಟುಮೂಟೆಯ ವಿಚಾರ.

ಬಳ್ಳಾರಿಯಲ್ಲಿ ಹತ್ತಿ ಗುಂತಕಲ್ಲಿನಲ್ಲಿ ಇಳಿದೆವು. ನಡುರಾತ್ರಿ ತನಕ ಅಲ್ಲೇ ಕಾದು ರಾಯಚೂರು, ವಾಡಿ, ಸೊಲ್ಲಾಪುರದ ಮೇಲೆ ಹೋಗುವ ಗಾಡಿ ಹಿಡಿದೆವು. ಅದು ದಾದರಿಗೆ ಹೋಗುವುದಿಲ್ಲ, ಕಲ್ಯಾಣದಲ್ಲಿ ಇಳಿದು ಲೋಕಲ್ ಹತ್ತಬೇಕು. ಹೀಗೆ ಮೂರು ಗಾಡಿ, ಪ್ರತಿ ಸಲವೂ ಸೇತುವೆಯ ಮೆಟ್ಟಿಲು. ಕೈಬೀಸಿ ಹೋಗುವವನಿಗೆ ಇದೇನೂ ದೊಡ್ಡದಲ್ಲ. ನಮ್ಮ ಹತ್ತಿರ ಪತ್ರಿಕೆಯ ನಾಲ್ಕು ಕಟ್ಟು, ಬ್ಯಾನರಿನ ಬೊಂಬು, ಎರಡು ತಮಟೆ, ರೊಟ್ಟಿಯ ಗಂಟು, ಹಾಸಿಗೆ ಇದ್ದವು. ಕಾಗದದ ಭಾರ ಹೊತ್ತವರಿಗೇ ಗೊತ್ತು. ರೈಲಿನ ನಿಯಮದ ಪ್ರಕಾರ ಎ.ಸಿ. ಮೊದಲ ದರ್ಜೆಯವನು 70 ಕಿಲೋ ಪುಕ್ಕಟೆ ಒಯ್ಯಬಹುದು, ಎರಡನೇ ದರ್ಜೆಯವನು 35 ಕಿಲೋ. ಕಾಲಿಡಲು ಜಾಗವಿಲ್ಲದ ಜನರಲ್ ಬೋಗಿಯಲ್ಲಿ ಆ 35 ಕಿಲೋ ಎಲ್ಲಿಡಬೇಕೋ ನಿಯಮ ಬರೆದವರೇ ಬಂದು ತೋರಿಸಬೇಕು. ಕಕ್ಕಸಿನ ಬಾಗಿಲ ಮುಂದೆ ಕಟ್ಟುಗಳ ಮೇಲೆ ಕೂತೇ ರಾತ್ರಿ ಕಳೆದೆವು.

ಇರಲಿ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಗಾಡಿ ಬದಲಿಸುವಾಗ ಸೇತುವೆ ಮೇಲೆ ಒಂದು ಕಟ್ಟಿನ ಹಗ್ಗ ಹರಿದು ಹಾಳೆಗಳೆಲ್ಲ ಮೆಟ್ಟಿಲ ಮೇಲೆ ಚೆಲ್ಲಿದವು. ಆಯಲು ಕೂತವನು ಮೊದಲನೇ ಪಿಯುಸಿ ಹುಡುಗ. ಅವನ ತಲೆ ಮೇಲೆ ಒಂದು ಕಟ್ಟು, ಬಗಲಲ್ಲಿ ಒಂದು ಇದ್ದವಂತೆ. ಹಾಸ್ಟೆಲಿನ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಗಂಟು, ಹಾಸಿಗೆ ಹೊತ್ತು ಹಿಂದೆ ಬರುತ್ತಿದ್ದರು. ನಾವೆಲ್ಲಿದ್ದೆವು? ನಾವು ಅಂದರೆ ಸಭೆಗಳಲ್ಲಿ ಮಾತಾಡುವವರು, ಈ ಸಂಪಾದಕೀಯ ಬರೆಯುವವರು. ಮುಂದೆ ಹೋಗಿ ಟೀ ಕುಡೀತಾ ಬಿಟ್ಟಿ ಚಾಕರಿಯ ಬಗ್ಗೆ ಚರ್ಚೆ ಮಾಡುತ್ತಿದ್ದೆವು! ಯಾರೂ ಯಾರಿಗೂ ಹೊರಿ ಅಂತ ಹೇಳಿರಲಿಲ್ಲ. ಹೇಳದೆಯೇ ಹಂಚಿಕೆ ಆಗಿಬಿಟ್ಟಿತ್ತು. "ಯಾಕಪ್ಪಾ, ಕರೀಬಾರದಿತ್ತಾ?" ಅಂದರೆ ಹುಡುಗ, "ನೀವು ಮಾತಾಡ್ತಿದ್ರಿ ಅಣ್ಣಾ" ಅಂದ.

ನಮ್ಮ ಅಜ್ಜಂದಿರು ಗೌಡರ, ಅಮಲ್ದಾರರ ಗಂಟು ಹೊತ್ತು ಊರಿಂದೂರಿಗೆ ಮುಟ್ಟಿಸಿದವರು. ಕೂಲಿ ಕೇಳುವಂತಿರಲಿಲ್ಲ. ಅಜ್ಜನ ತಲೆಯಿಂದ ಇಳಿದ ಹೊರೆಯನ್ನು ನಾವು ತಮ್ಮನ ತಲೆ ಮೇಲೆ ಇಟ್ಟೆವಲ್ಲ?

1901ರಲ್ಲಿ ಬಾಬಾಸಾಹೇಬರು ಹತ್ತು ವರ್ಷದ ಆಸುಪಾಸಿನ ಹುಡುಗ. ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಸಾಮಾನು ಸಮೇತ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಹಾರರ ಮಕ್ಕಳೆಂದು ತಿಳಿದದ್ದೇ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು, ಗಾಡಿಯವರು ಒಲ್ಲೆ ಅಂದರು. ಎರಡು ಪಟ್ಟು ಬಾಡಿಗೆ ಕೊಟ್ಟು, ಎತ್ತು ತಾವೇ ಹೊಡೆಯುವ ಕರಾರಿನ ಮೇಲೆ ಹೊರಟರು. ಕುಡಿಯುವ ನೀರು ಸಿಗದೆ, ಬುತ್ತಿ ಇದ್ದೂ ಹಸಿದು ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ, ಹಾಸ್ಟೆಲಿನಲ್ಲಿ ಕೂತು ಓದಿ. ಆ ಹುಡುಗನಿಗೆ ಕೈಮುಗಿಯಲು ಹೋದ ನಮಗೆ ಹಿಂದೆ ಬರುತ್ತಿದ್ದ ಹುಡುಗ ಕಾಣಲಿಲ್ಲ.

ವಾಪಸು ಬರುವಾಗ ಹೊರೆ ಇನ್ನೂ ಹೆಚ್ಚಾಯಿತು. ಶಿವಾಜಿ ಪಾರ್ಕಿನಲ್ಲಿ ಕೊಂಡ ಪುಸ್ತಕಗಳು, ಕ್ಯಾಲೆಂಡರು, ಒಂದು ಬುದ್ಧನ ಮೂರ್ತಿ. ಕಲ್ಯಾಣದ ಪ್ಲಾಟ್‌ಫಾರಂ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿ, ಪುಸ್ತಕದ ಗಂಟುಗಳನ್ನು ಭಾಷಣಕಾರರ ಹೆಗಲಿಗೆ ಹಾಕಿದೆವು. ಸೇತುವೆ ಹತ್ತುವಾಗ ನಮ್ಮ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಉಳಿದವರಿಗೆ ಅಷ್ಟಾದರೂ ಆರಾಮ ಸಿಕ್ಕಿತು.

ಮುಂದಿನ ಸಲ ಬಳ್ಳಾರಿಯಲ್ಲೇ ಹಂಚಿಕೊಂಡು ಹೊರಡೋಣ. ಗಟ್ಟಿ ಸೆಣಬಿನ ಹಗ್ಗ ಇದ್ದವರು ತನ್ನಿ.