ಸೊಗಾನೆಯಲ್ಲಿ ಇಳಿದ ಮೇಲೆ

ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬೇಕಿತ್ತೇ? 2023ರ ಫೆಬ್ರವರಿಯಲ್ಲಿ ಸೊಗಾನೆಯಲ್ಲಿ ಕುವೆಂಪು ಹೆಸರಿನ ನಿಲ್ದಾಣ ಉದ್ಘಾಟನೆಯಾದ ಮೇಲೂ ಈ ಮಾತು ಮುಗಿದಿಲ್ಲ. ಸುಮಾರು 450 ಕೋಟಿ ರೂಪಾಯಿ ಖರ್ಚಾಗಿದೆ. ಜಮೀನು ಬಿಟ್ಟುಕೊಟ್ಟ ರೈತರು ನಿವೇಶನಕ್ಕಾಗಿ ಹೋರಾಟಕ್ಕೆ ಇಳಿಯಬೇಕಾಯಿತು. ಇದನ್ನು ಮರೆತು ನಿಲ್ದಾಣವನ್ನು ಹೊಗಳುವುದು ನ್ಯಾಯವಲ್ಲ.

ಹಾಗೆಂದು ಅದನ್ನು ದಂಡದ ಖರ್ಚು ಎನ್ನಲೂ ಮನಸ್ಸು ಒಪ್ಪದು. 3,200 ಮೀಟರ್ ರನ್‌ವೇ ಇದೆ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಹೈದರಾಬಾದ್, ತಿರುಪತಿ, ಗೋವಾಗಳಿಗೂ ಇಲ್ಲಿಂದ ವಿಮಾನಗಳು ಹಾರಿವೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ಮಲೆನಾಡಿನ ಮಕ್ಕಳಿಗೆ ಊರಿನಲ್ಲಿ ಅಪ್ಪ-ಅಮ್ಮನಿಗೆ ಹುಷಾರಿಲ್ಲ ಎಂದು ಫೋನ್ ಬಂದಾಗ ಈ ದಾರಿಯ ಬೆಲೆ ಗೊತ್ತಾಗುತ್ತದೆ.

ಪ್ರವಾಸಿಗರ ಲೆಕ್ಕ ಮಾತ್ರ ಬೇರೆ. ಬೆಂಗಳೂರಿನಿಂದ ಜೋಗ ನೋಡಲು ಹೊರಟವರಿಗೆ ರಾತ್ರಿ ರೈಲೇ ವಾಸಿ. ಮಲಗಿ ಎದ್ದರೆ ತಾಳಗುಪ್ಪ. ಅಲ್ಲಿಂದ ಜೋಗ ಇಪ್ಪತ್ತು ಕಿಲೋಮೀಟರೂ ಇಲ್ಲ. ಸೊಗಾನೆಯಲ್ಲಿ ಇಳಿದವರಿಗೆ ಇನ್ನೂ ನೂರು ಕಿಲೋಮೀಟರ್ ರಸ್ತೆ ಬಾಕಿ. ನಿಲ್ದಾಣ ಇರುವುದು ಭದ್ರಾವತಿ ಕಡೆಗೆ. ಸಾಗರ, ತೀರ್ಥಹಳ್ಳಿ ರಸ್ತೆಗಳು ಹೊರಡುವುದು ಊರಿನ ಇನ್ನೊಂದು ಮಗ್ಗುಲಿನಿಂದ. ಟ್ಯಾಕ್ಸಿಗೆ ಹಣ ಕೊಡುವಷ್ಟರಲ್ಲಿ ವಿಮಾನದಲ್ಲಿ ಉಳಿಸಿದ ಹೊತ್ತಿನ ಸಂತೋಷ ಅರ್ಧ ಇಳಿದಿರುತ್ತದೆ.

ಇನ್ನೊಂದು ತೊಡಕು ಮಳೆಯದು. ಜೋಗದ ರಾಜ, ರಾಣಿ, ರೋರರ್, ರಾಕೆಟ್ ಮೈದುಂಬಿ ಧುಮುಕುವುದು, ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವುದು, ಆಗುಂಬೆ ಆಗುಂಬೆಯಂತೆ ಕಾಣುವುದು, ಎಲ್ಲವೂ ಮಳೆಗಾಲದಲ್ಲೇ. ಮೋಡ ಕವಿದು ವಿಮಾನ ಇಳಿಯಲಾಗದೆ ಹಿಂದಿರುಗುವುದೂ ಆ ದಿನಗಳಲ್ಲೇ. ಮಳೆಗಾಲದಲ್ಲಿ ಬರುವವರು ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಟಿಕೆಟ್ ತೆಗೆಯಬೇಕು.

ಆದರೆ ದೂರದ ರಾಜ್ಯದಿಂದ ಎರಡೇ ದಿನದ ರಜೆಯಲ್ಲಿ ಬರುವ ಕುಟುಂಬಕ್ಕೆ ಜೋಗವೇ ಆಗಬೇಕೆಂದಿಲ್ಲ. ಶಿವಮೊಗ್ಗದಲ್ಲಿ ಉಳಿದು ಬೆಳಿಗ್ಗೆ ಸಕ್ರೆಬೈಲಿಗೆ ಹೋಗಲಿ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆ ಮಗ್ಗುಲಾಗಿ ಮಲಗಿರುತ್ತದೆ, ಕಾವಾಡಿ ಅದರ ಕಿವಿಯ ಹಿಂದೆಲ್ಲ ತಿಕ್ಕಿ ತೊಳೆಯುತ್ತಾನೆ, ಸೊಂಡಿಲಿನ ತುದಿ ಮಾತ್ರ ನೀರಿನ ಮೇಲೆ ಆಡುತ್ತಿರುತ್ತದೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಮಧ್ಯಾಹ್ನಕ್ಕೆ ತ್ಯಾವರೆಕೊಪ್ಪದ ಸಿಂಹಧಾಮ, ಸಂಜೆಗೆ ತುಂಗೆ-ಭದ್ರೆಯರು ಸೇರುವ ಕೂಡ್ಲಿ. ಇವೆಲ್ಲ ನಗರದಿಂದ ಇಪ್ಪತ್ತು ಕಿಲೋಮೀಟರ್ ಒಳಗೇ ಇವೆ. ಹೀಗೆ ಬರುವವರಿಗೆ ಸೊಗಾನೆ ನಿಜಕ್ಕೂ ಉಪಕಾರಿ.

ನಿಲ್ದಾಣ ಕಟ್ಟಿದ್ದು ತಪ್ಪಲ್ಲ. ಕಟ್ಟಿ ಅಷ್ಟಕ್ಕೇ ಬಿಟ್ಟರೆ ತಪ್ಪು. ಪ್ರತಿ ವಿಮಾನದ ಹೊತ್ತಿಗೆ ಸರಿಯಾಗಿ ನಗರದ ಬಸ್ ನಿಲ್ದಾಣಕ್ಕೆ ಒಂದು ಬಸ್, ರಜಾ ದಿನಗಳಲ್ಲಿ ಸಾಗರ, ಜೋಗದ ಕಡೆಗೆ ಇನ್ನೊಂದು. ಸರ್ಕಾರ ಮೊದಲು ಇಷ್ಟು ಮಾಡಲಿ.